ಹದಿನೈದನೆಯ ದಿನದ ಪ್ರಶ್ನೆ

(ಮೊಹಲ್ಲಾ ಸೇವಾ ಸಮಿತಿಯೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ಈಗ ತಾನೇ ವಾರ್ಷಿಕ ವರದಿಯನ್ನು ಓದಿದರು. ಎಷ್ಟು ಕುಟುಂಬಗಳಿಗೆ ರಮಝಾನ್ ಕಿಟ್, ಎಷ್ಟು ಮಕ್ಕಳಿಗೆ ಪುಸ್ತಕ, ಎಷ್ಟು ಸಹೋದರಿಯರಿಗೆ ಹೊಲಿಗೆ ಯಂತ್ರ ನೀಡಲಾಯಿತು ಎಂಬ ಲೆಕ್ಕ ಅದರಲ್ಲಿತ್ತು. ಇದು ಸಣ್ಣ ಕೆಲಸವಲ್ಲ. ಅಲ್ಲಾಹನು ಇದನ್ನು ಸ್ವೀಕರಿಸಲಿ. ಆದರೆ ಆ ವರದಿಯಲ್ಲಿ ಇಲ್ಲದ ಒಂದು ವಿಷಯದ ಕುರಿತು ಮಾತಾಡಲು ನಾನು ಅನುಮತಿ ಕೇಳುತ್ತೇನೆ. ನಾವು ಕೊಟ್ಟೆವು, ಸರಿ. ಕೊಟ್ಟ ಬಳಿಕ ಆ ಮನೆಯಲ್ಲಿ ಏನಾಯಿತು?

ಇದು ನಿಮ್ಮ ಮೇಲಿನ ಟೀಕೆಯಲ್ಲ. ಮೊದಲ ಅಪರಾಧಿ ನಾನೇ. ನಮ್ಮೂರಿನ ಇಂತಹದೇ ಒಂದು ಸಮಿತಿಯಲ್ಲಿ ನಾನು ಕೆಲವು ವರ್ಷ ಇದ್ದೆ. ಬೀಡಿ ಕಟ್ಟಿ ಬದುಕುವ ಓರ್ವ ವಿಧವೆಯ ಮನೆಗೆ ಸತತ ಐದು ರಮಝಾನ್‌ಗಳಲ್ಲಿ ಅಕ್ಕಿ, ಬೇಳೆ, ಎಣ್ಣೆಯ ಚೀಲ ತಲುಪಿಸಿದ್ದೆವು. ಆರನೆಯ ವರ್ಷ ಚೀಲ ಇಳಿಸಿ ಹೊರಡುವಾಗ, ಯಾಕೋ, ಮಗನೆಲ್ಲಿ ಎಂದು ಕೇಳಿದೆ. “ಅವನು ಗ್ಯಾರೇಜಿಗೆ ಹೋಗುತ್ತಾನೆ ಉಸ್ತಾದರೇ, ಒಂಬತ್ತನೇ ಕ್ಲಾಸಿನಲ್ಲೇ ಶಾಲೆ ಬಿಟ್ಟ. ಎರಡು ವರ್ಷವಾಯಿತು” ಎಂದರು. ಶಾಲಾ ದಾಖಲೆಯಲ್ಲಿ ಹುಡುಗನಿಗೆ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರು. ವಿದ್ಯಾರ್ಥಿವೇತನದ ಅರ್ಜಿ ಅಲ್ಲಿಗೇ ನಿಂತಿತ್ತು. ತಿದ್ದುಪಡಿಗಾಗಿ ತಾಯಿ ಮೂರು ಬಾರಿ ಅಲೆದಿದ್ದರು. ಹೋದ ಮೂರು ದಿನವೂ ಬೀಡಿಯ ಕೂಲಿ ಹೋಯಿತು. ನಾಲ್ಕನೆಯ ಬಾರಿ ಅವರು ಹೋಗಲಿಲ್ಲ. ಮನೆಯ ಸ್ಥಿತಿ ಕಂಡು ಹುಡುಗ ಪುಸ್ತಕದ ಚೀಲವನ್ನು ಮೂಲೆಗಿಟ್ಟ.

“ನಮ್ಮಲ್ಲಿ ಹೇಳಬಾರದಿತ್ತೇ?” ಎಂದೆ. ಆ ತಾಯಿ ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. “ನೀವು ಕೇಳಲಿಲ್ಲವಲ್ಲ ಉಸ್ತಾದರೇ. ಅಕ್ಕಿ ಕೊಡಲು ಬಂದವರಲ್ಲಿ ಬೇರೇನು ಹೇಳುವುದು?”

ಒಂದು ಅಕ್ಷರ ತಿದ್ದಿಸಿಕೊಟ್ಟಿದ್ದರೆ ಸಾಕಿತ್ತು. ನಾವು ಐದು ಚೀಲ ಅಕ್ಕಿ ಕೊಟ್ಟೆವು.

ಬಂಧುಗಳೇ, ಪ್ರವಾದಿವರ್ಯರ(ಸ) ಬಳಿ ಯಾಚಿಸಲು ಬಂದ ಓರ್ವ ಅನ್ಸಾರೀ ವ್ಯಕ್ತಿಯ ಘಟನೆ ನಿಮಗೆಲ್ಲ ತಿಳಿದಿದೆ. ಅದು ಅಬೂದಾವೂದ್ ಮತ್ತು ಇಬ್ನುಮಾಜಃ ಸಂಕಲನಗಳಲ್ಲಿದೆ. ಅದರ ವರದಿಗಾರರ ಸರಣಿಯ ಕುರಿತು ಹದೀಸ್ ವಿದ್ವಾಂಸರಲ್ಲಿ ಚರ್ಚೆಯಿದ್ದರೂ ಅದರ ಪಾಠವನ್ನು ನಾವು ಮಿಂಬರ್‌ಗಳಿಂದ ಕೇಳುತ್ತಲೇ ಬಂದಿದ್ದೇವೆ. ದುಡಿದು ತಿನ್ನಬೇಕು, ಬೇಡಬಾರದು ಎಂಬಲ್ಲಿಗೆ ನಮ್ಮ ವಿವರಣೆ ಮುಗಿದುಬಿಡುತ್ತದೆ. ಅಲ್ಲಿ ನಡೆದುದನ್ನು ಹಂತ ಹಂತವಾಗಿ ನೋಡಿರಿ. ಮೊದಲು ಪ್ರವಾದಿವರ್ಯರು(ಸ) ಆತನ ಮನೆಯಲ್ಲಿ ಏನಿದೆ ಎಂದು ವಿಚಾರಿಸಿದರು. ಹಾಸಲು ಹೊದೆಯಲು ಒಂದು ಬಟ್ಟೆ, ನೀರು ಕುಡಿಯಲು ಒಂದು ಮರದ ಬಟ್ಟಲು. ಅವೆರಡನ್ನು ತರಿಸಿ ಸಂಗಾತಿಗಳ ಮುಂದೆ ಹರಾಜಿಗಿಟ್ಟರು. ಎರಡು ದಿರ್ಹಮ್ ಬಂತು. ಒಂದರಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ತಮ್ಮ ಕೈಯಿಂದಲೇ ಹಿಡಿ ಜೋಡಿಸಿ, ಸೌದೆ ಕಡಿದು ಮಾರುವಂತೆಯೂ ಹದಿನೈದು ದಿನಗಳ ತನಕ ಬಾರದಂತೆಯೂ ಹೇಳಿ ಕಳುಹಿಸಿದರು. ಅವಧಿ ಮುಗಿದು ಆತ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್‌ಗಳ ಸಂಪಾದನೆಯಿತ್ತು.

ಮನೆಯ ಸ್ಥಿತಿ ತಿಳಿಯುವುದು, ಇಂದಿನ ಹಸಿವಿಗೆ ಅನ್ನ ಒದಗಿಸುವುದು, ನಾಳೆಗೆ ಸಾಧನ ಕೊಡುವುದು, ಗೊತ್ತಾದ ದಿನಕ್ಕೆ ಪುನಃ ವಿಚಾರಿಸುವುದು. ಈ ನಾಲ್ಕರಲ್ಲಿ ನಾವು ಎರಡನೆಯದನ್ನು ಚೆನ್ನಾಗಿ ಮಾಡುತ್ತೇವೆ, ಮೂರನೆಯದನ್ನು ಆಗಾಗ ಮಾಡುತ್ತೇವೆ. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟುಬಿಟ್ಟಿದ್ದೇವೆ. ಕಳೆದ ವರ್ಷ ಕೊಟ್ಟ ಹೊಲಿಗೆ ಯಂತ್ರಗಳ ಪೈಕಿ ಎಷ್ಟು ಇಂದು ತಿರುಗುತ್ತಿವೆ? ನಮ್ಮಲ್ಲಿ ಉತ್ತರವಿಲ್ಲ. ಆದರೆ ಯಂತ್ರ ಪಡೆದ ಸಹೋದರಿಯ ಭಾವಚಿತ್ರವಿದೆ.

ಇನ್ನೊಂದು ಘಟನೆ ಖಲೀಫಾ ಉಮರ್(ರ) ಅವರದ್ದು. ಎದೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್‌ಮಾಲ್‌ನಿಂದ ಭತ್ಯೆ ಎಂಬ ನಿಯಮವಿತ್ತು. ಒಂದು ರಾತ್ರಿ ಗಸ್ತು ಹೋಗುವಾಗ ಮಗುವೊಂದು ಎಡೆಬಿಡದೆ ಅಳುವುದನ್ನು ಅವರು ಕೇಳಿದರು. ಭತ್ಯೆ ಬೇಗ ಸಿಗಲೆಂದು ತಾಯಿ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದಳು. ಉಮರ್(ರ) ಆ ತಾಯಿಯನ್ನು ದೂರಲಿಲ್ಲ. ತನ್ನ ನಿಯಮವೇ ಮಗುವನ್ನು ಅಳಿಸುತ್ತಿದೆಯೆಂದು ಅರಿತು ಕಣ್ಣೀರಿಟ್ಟರು ಮತ್ತು ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಎಂದು ನಿಯಮ ಬದಲಿಸಿದರು ಎಂದು ಚರಿತ್ರೆ ಹೇಳುತ್ತದೆ. ಯೋಜನೆ ವಿಫಲವಾದಾಗ ನಾವು ಬಡವರನ್ನು ದೂರುತ್ತೇವೆ. ಅವರಿಗೆ ಅರಿವಿಲ್ಲ, ಆಸಕ್ತಿಯಿಲ್ಲ ಎನ್ನುತ್ತೇವೆ. ಉಮರ್(ರ) ನಿಯಮವನ್ನು ಪರೀಕ್ಷಿಸಿದರು.

ಈ ಅಳತೆಗೋಲನ್ನು ಸರಕಾರಗಳಿಗೂ ಹಿಡಿಯೋಣ. 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಾಚಾರ್ ಸಮಿತಿಯ ವರದಿಯು, 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದಾರೆ ಎಂದಿತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಶೇ. 3ರಷ್ಟು ಮಾತ್ರ ಎಂದೂ ಅದು ತಿಳಿಸಿತು. ಮದ್ರಸದಲ್ಲಿ ಕಲಿತ ನಾನು ಇದನ್ನು ಒತ್ತಿ ಹೇಳುತ್ತೇನೆ: ಸಮುದಾಯದ ಮಕ್ಕಳ ಭವಿಷ್ಯದ ಪ್ರಶ್ನೆಯು ಮುಖ್ಯವಾಗಿ ಶಾಲೆಗಳ ಪ್ರಶ್ನೆ. ಆ ವರದಿಯ ಬಳಿಕ 2008ರಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂತು. 2022ರಲ್ಲಿ ಕೇಂದ್ರ ಸರಕಾರ ಅದನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. 8ರ ವರೆಗೆ ಶಿಕ್ಷಣ ಹಕ್ಕು ಕಾಯ್ದೆಯಡಿ ಶಿಕ್ಷಣ ಉಚಿತವಾಗಿದೆ ಎಂಬುದು ಕೊಟ್ಟ ಕಾರಣ. ಶುಲ್ಕ ಉಚಿತವಿರಬಹುದು. ಬಸ್ಸು, ಚಪ್ಪಲಿ, ನೋಟು ಪುಸ್ತಕಗಳು ಉಚಿತವೇ? ವೇತನ ನಿಂತ ಮೇಲೆ ಎಷ್ಟು ಮಕ್ಕಳು ಶಾಲೆ ಬಿಟ್ಟರೆಂದು ನಿಯಮ ಮಾಡಿದವರು ಮನೆಬಾಗಿಲಿಗೆ ಬಂದು ಕೇಳಬೇಕಲ್ಲವೇ?

ರಾಜ್ಯ ಸರಕಾರವೂ ಈ ಪ್ರಶ್ನೆಯಿಂದ ಹೊರತಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ, ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೀಡುವ ಯೋಜನೆ. ಹೆಣ್ಣಿನ ಕೈಗೇ ಹಣ ಸೇರುವುದು ಒಳ್ಳೆಯದು. 2024ರ ಜನವರಿಯಲ್ಲಿ ಬಂದ ಯುವನಿಧಿಯು ನಿರುದ್ಯೋಗಿ ಪದವೀಧರರಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷಗಳಿಗೆ ನಿಗದಿಪಡಿಸಿತು. ಆದರೆ ಒಂಬತ್ತರಲ್ಲೇ ಶಾಲೆ ಬಿಟ್ಟು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು? ನಮ್ಮ ಮೊಹಲ್ಲಾಗಳಲ್ಲಿ ಅತ್ಯಂತ ಹೆಚ್ಚು ನೆರವು ಬೇಕಾದ ಯುವಕ ಅವನೇ. ಅವನ ಹೆಸರು ಆ ಪಟ್ಟಿಯಲ್ಲಿ ಬರಲು ಸಾಧ್ಯವೇ ಇಲ್ಲ. ಶಾಲೆ ಬಿಟ್ಟ ಯುವಜನರಿಗೆ ಭತ್ಯೆಸಹಿತ ತರಬೇತಿ ನೀಡುವಂತೆ ಒತ್ತಾಯಿಸುವುದು ನಮ್ಮ ಹಕ್ಕು. ಇದು ಮುಸ್ಲಿಮರ ಮಾತ್ರ ಬೇಡಿಕೆಯಾಗಬಾರದು. ನೆರೆಮನೆಯ ದಲಿತ ಹುಡುಗನೂ ಮೀನುಗಾರನ ಮಗನೂ ಅದೇ ಗ್ಯಾರೇಜಿನಲ್ಲಿದ್ದಾರೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ನನ್ನ ಸಲಹೆಗಳು ಸರಳವಾಗಿವೆ.

ಮೊದಲನೆಯದಾಗಿ, ಜಮಾಅತ್‌ನಲ್ಲಿ ದಾನಿಗಳ ಪಟ್ಟಿಯಿರುವಂತೆ ಮಕ್ಕಳ ದಾಖಲೆ ಪುಸ್ತಕವೂ ಇರಲಿ. ಯಾವ ಮನೆಯಲ್ಲಿ ಯಾವ ಮಗು ಯಾವ ತರಗತಿಯಲ್ಲಿದೆ, ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ಇದೆಯೇ, ತಾಯಿಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯೇ ಎಂಬುದು ಅದರಲ್ಲಿರಲಿ. ಅದು ಗೌಪ್ಯವಾಗಿಯೂ ಇರಲಿ.

ಎರಡನೆಯದಾಗಿ, ವಾರಕ್ಕೆ ಎರಡು ಸಂಜೆ ಮದ್ರಸದ ಒಂದು ಕೋಣೆ ಅರ್ಜಿ ಸಹಾಯ ಕೇಂದ್ರವಾಗಲಿ. 2011ರ ಸಕಾಲ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಸೇವೆಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕು. ಆದಾಯ ಪ್ರಮಾಣಪತ್ರವೂ ಅವುಗಳಲ್ಲೊಂದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಸ್ವೀಕೃತಿ ಸಂಖ್ಯೆ ಪಡೆಯದೆ ಕಚೇರಿಯಿಂದ ಮರಳಬಾರದೆಂದು ನಮ್ಮ ತಾಯಂದಿರಿಗೆ ಯಾರು ಹೇಳಿಕೊಟ್ಟಿದ್ದಾರೆ? ನಮ್ಮ ಪದವೀಧರ ಯುವಕ ಯುವತಿಯರು ಈ ಕೋಣೆಯಲ್ಲಿ ಕುಳಿತುಕೊಳ್ಳಲಿ.

ಮೂರನೆಯದಾಗಿ, ಮನೆಭೇಟಿಯ ಹೊಣೆಯನ್ನು ಸಹೋದರಿಯರಿಗೆ ವಹಿಸಿರಿ. ಅಡುಗೆ ಮನೆಯಲ್ಲಿ ಕುಳಿತು ಕೇಳಿದಾಗ ಸಿಗುವ ಉತ್ತರ, ಅಂಗಳದಲ್ಲಿ ನಿಂತು ಕೇಳಿದವರಿಗೆ ಸಿಗದು. ಸಮಿತಿಯಲ್ಲಿ ಅವರಿಗೆ ಸ್ಥಾನವನ್ನೂ ಕೊಡಿರಿ.

ನಾಲ್ಕನೆಯದಾಗಿ, ಈ ಕೆಲಸಕ್ಕೆ ತರಬೇತಿ ಪಡೆದ ಒಬ್ಬರನ್ನು ವೇತನ ಕೊಟ್ಟು ನೇಮಿಸಿರಿ. ಪವಿತ್ರ ಕುರ್‌ಆನ್ ಅತ್ತೌಬಃ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತ್‌ನ ಎಂಟು ಹಕ್ಕುದಾರ ವರ್ಗಗಳನ್ನು ಹೇಳುವಾಗ, ಅದರ ನಿರ್ವಹಣೆಗಾಗಿ ದುಡಿಯುವವರನ್ನೂ ಸೇರಿಸಿದೆ. ಅಂದರೆ ವಿತರಣೆಯು ಬಿಡುವಿನ ವೇಳೆಯ ಕೆಲಸವಲ್ಲ. ಇಂದಿನ ಸಮಿತಿಗಳ ನೌಕರರು ಆ ವರ್ಗದಲ್ಲಿ ಬರುತ್ತಾರೆಯೇ ಎಂಬುದನ್ನು ಉಲಮಾಗಳು ತೀರ್ಮಾನಿಸಲಿ. ಸಾಮಾನ್ಯ ದಾನದಿಂದ ವೇತನ ಕೊಡಲು ಯಾವ ಅಡ್ಡಿಯಿದೆ?

ಕೊನೆಯದಾಗಿ, ಪ್ರತಿ ನೆರವಿನ ಮುಂದೆ ಒಂದು ತಾರೀಕು ಬರೆಯಿರಿ. ಆ ದಿನ ಹೋಗಿ ವಿಚಾರಿಸಿರಿ. ಮುಂದಿನ ವರ್ಷದ ವರದಿಯಲ್ಲಿ ಎಷ್ಟು ಕಿಟ್ ಎಂಬುದರ ಜೊತೆಗೆ, ಎಷ್ಟು ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ, ಎಷ್ಟು ಕುಟುಂಬಗಳು ಈ ಬಾರಿ ಕಿಟ್ ಬೇಡವೆಂದವು ಎಂಬುದನ್ನೂ ಓದಿರಿ. ಕಿಟ್‌ಗಳ ಸಂಖ್ಯೆ ಇಳಿದ ವರ್ಷ ನಾವು ಸಂತೋಷಪಡೋಣ.

ಆ ಗ್ಯಾರೇಜಿನ ಹುಡುಗನ ಹೆಸರಿನ ಅಕ್ಷರ ಕೊನೆಗೂ ಸರಿಯಾಯಿತು. ಅವನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 10ನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಾನೆ. ಹಗಲು ದುಡಿಯುತ್ತಾನೆ, ರಾತ್ರಿ ಓದುತ್ತಾನೆ. ಉತ್ತೀರ್ಣನಾಗುತ್ತಾನೋ ಇಲ್ಲವೋ ಅಲ್ಲಾಹನೇ ಬಲ್ಲ. ಹದಿನೈದು ದಿನಕ್ಕೊಮ್ಮೆ ನಾನು ಅಲ್ಲಿಗೆ ಹೋಗಿ, ಎಲ್ಲಿಯವರೆಗೆ ಓದಿದೆ ಎಂದು ಕೇಳುತ್ತೇನೆ. ಎರಡು ವರ್ಷ ತಡವಾಗಿ ಕೇಳುತ್ತಿದ್ದೇನೆ ಎಂಬ ನೋವು ನನಗಿದೆ. ನಿಮ್ಮ ಮೊಹಲ್ಲಾದಲ್ಲಿ ಆ ತಡ ಆಗದಿರಲಿ.

ನಾವು ಎಷ್ಟು ಕೊಟ್ಟೆವು ಎಂದು ಮಾತ್ರವಲ್ಲ, ಯಾರನ್ನು ವಿಚಾರಿಸದೆ ಬಿಟ್ಟೆವು ಎಂದೂ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾಗಿದೆ. ಆ ಉತ್ತರಕ್ಕೆ ಸಿದ್ಧರಾಗುವ ಸೌಭಾಗ್ಯವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.