ಕುಳಕ್ಕೆ ಗಟ್ಟಿ ಬೆಸುಗೆ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಈಗತಾನೆ ಓದಿದರು. ಸಾಲ, ಗೊಬ್ಬರ, ಷೇರುಹಣ ಎಲ್ಲಾ ಅದರಲ್ಲಿ ಬಂತು. ಯಾವ ಪುಸ್ತಕದಲ್ಲೂ ಬರೆಯದ ಒಂದು ಖರ್ಚಿನ ಬಗ್ಗೆ ನಾಲ್ಕು ಮಾತು ಹೇಳಲು ನಾವು ಎದ್ದು ನಿಂತಿದ್ದೇವೆ. ಅದು ಕಬ್ಬಿಣ ಸವೆಯೋ ಖರ್ಚು.

ಹಿಂದೆ ನಮ್ಮ ಹಿರಿಯರು ಮುಂಗಾರಿಗೆ ಮುಂಚೆ ಕುಳ ಹೊತ್ತುಕೊಂಡು ಕುಲುಮೆಗೆ ಹೋಗುತ್ತಿದ್ದರು. ಆಚಾರ್ರು ಕುಳದ ಮೂತಿಗೆ ಉಕ್ಕಿನ ತುಂಡು ಇಟ್ಟು, ಕಾಯಿಸಿ, ಬಡಿದು ಕೂಡಿಸುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಆಯದ ರಾಗಿ. ಮೆತ್ತನೆ ಕಬ್ಬಿಣಕ್ಕೆ ಗಡಸು ತುದಿ ಕೂಡಿಸುವ ಆ ಕೆಲಸವನ್ನೇ ಈಗ ವೆಲ್ಡಿಂಗ್ ಕಡ್ಡಿಯಿಂದ ಮಾಡುತ್ತಾರೆ. ಹಾರ್ಡ್‌ಫೇಸಿಂಗ್ ಅಂತ ಹೆಸರು.

ಮಣ್ಣು ಮೆತ್ತಗಿದೆ, ಕಬ್ಬಿಣ ಯಾಕೆ ಸವೆಯುತ್ತೆ ಅಂತ ಕೇಳಬಹುದು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕೆಂಪು ನೆಲದ ಮರಳಲ್ಲಿ ಬೆಣಚುಕಲ್ಲಿನ ಹರಳಿದೆ. ಹೊಳೆನರಸೀಪುರದ ಕಡೆ ಗದ್ದೆಯ ಕೆಸರಲ್ಲೂ ಮರಳು ಇದ್ದೇ ಇರುತ್ತೆ. ಗಡಸುತನ ಅಳೆಯುವ 1ರಿಂದ 10ರ ಅಳತೆಯಲ್ಲಿ ವಜ್ರಕ್ಕೆ 10, ಬೆಣಚಿಗೆ 7, ಸಾಧಾರಣ ಕಬ್ಬಿಣಕ್ಕೆ 4ರಿಂದ 5. ಅಂದರೆ ಕುಳ ಮಣ್ಣನ್ನು ಉಳುತ್ತೆ, ಮಣ್ಣು ಕುಳವನ್ನು ಅರೆಯುತ್ತೆ. ಗಟ್ಟಿ ಕಡ್ಡಿಯಲ್ಲಿ ಕ್ರೋಮಿಯಂ, ಇಂಗಾಲ ಹೆಚ್ಚು. ಅವೆರಡೂ ಸೇರಿ ಬೆಸುಗೆಯಲ್ಲಿ ಬೆಣಚಿಗಿಂತ ಗಡಸಾದ ಹರಳು ಕಟ್ಟುತ್ತವೆ. ಕ್ರೋಮಿಯಂ ಏನೂ ದೂರದ ವಸ್ತುವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ ಆಗಿನ ಮೈಸೂರು ಮಿನರಲ್ಸ್‌ನವರು ಗಣಿ ತೋಡಿ ತೆಗೆದದ್ದು ಇದರ ಅದಿರನ್ನೇ. ನಮ್ಮ ಜಿಲ್ಲೆಯ ಅದಿರಿಗೆ ಊರಾಚೆ ಬೆಲೆ ಬಂತು, ನಮ್ಮ ಕುಳ ಮಾತ್ರ ಬೋಳಾಗೇ ಉಳಿಯಿತು!

ಕಾರ್ಖಾನೆಗಳಿಗೆ ಇದು ಹಳೇ ವಿದ್ಯೆ. ಅಮೆರಿಕದ ಎಲ್‌ವುಡ್ ಹೇನ್ಸ್ ಎಂಬಾತ ಸ್ಟೆಲೈಟ್ ಎಂಬ ಗಡಸು ಮಿಶ್ರಲೋಹಕ್ಕೆ 1907ರಲ್ಲೇ ಪೇಟೆಂಟ್ ಪಡೆದಿದ್ದ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಜಾರದಂತೆ ಗಾಣದ ರೋಲರ್ ಹಲ್ಲಿನ ಮೇಲೆ ಗಡಸು ಬೆಸುಗೆಯ ಹನಿ ಇಡುತ್ತಾರೆ, ರೋಲರ್ ತಿರುಗುತ್ತಿರುವಾಗಲೇ. ನಾವು ಬುಡದ ಮಣ್ಣು ಕೊಡವದೆ ಲಾರಿಗೆ ತುಂಬಿದ ಕಬ್ಬು ಆ ಹಲ್ಲನ್ನೂ ತಿನ್ನುತ್ತೆ ಅನ್ನೋದು ಬೇರೆ ಮಾತು.

ಈಗ ನಮ್ಮ ಕೆಲಸಕ್ಕೆ ಬರೋಣ. ಬೆಸುಗೆಯನ್ನು ಹೊಸ ಕುಳಕ್ಕೇ ಹಾಕಿಸಬೇಕು. ಸವೆದು ತೆಳ್ಳಗಾದ ಮೇಲೆ ಹಾಕಿಸಿದರೆ ಹಿಡಿದುಕೊಳ್ಳಲು ಅಡಿಯಲ್ಲಿ ಕಬ್ಬಿಣವೇ ಇರುವುದಿಲ್ಲ. ಒಂದೇ ಮಗ್ಗುಲಿಗೆ ಹಾಕಿಸಿ. ಇಲಿಯ ಹಲ್ಲು ನೋಡಿ, ಮುಂದೆ ಗಡಸು, ಹಿಂದೆ ಮೆತ್ತಗೆ. ಹಿಂದಿನದು ಸವೆದಂತೆ ಮುಂದಿನದು ತಾನೇ ಚೂಪಾಗುತ್ತೆ. ಕುಳವೂ ಹಾಗೇ. ಕಲ್ಲು ಜಾಸ್ತಿ ಇರೋ ಹೊಲಕ್ಕೆ ಬೆಸುಗೆ ಗೆರೆ ಉಳುವ ದಿಕ್ಕಿಗೇ ಇರಲಿ. ಬರೀ ಮರಳಾದರೆ ಅಡ್ಡ ಗೆರೆ. ಸಂದಿಯಲ್ಲಿ ಮಣ್ಣು ಕೂತು ಅದೇ ಕಾಪು ಆಗುತ್ತೆ. ತುಕ್ಕು ಉಜ್ಜಿ ತೆಗೆದಿರಬೇಕು, ಕಡ್ಡಿ ಒಣಗಿರಬೇಕು. ಎರಡು ಪದರಕ್ಕಿಂತ ಹೆಚ್ಚು ಬೇಡ. ಬೆಸುಗೆ ಆರುವಾಗ ಅಡ್ಡಡ್ಡ ಸಣ್ಣ ಬಿರುಕು ಬಿಡುತ್ತೆ, ಗಾಬರಿ ಬೇಡ, ಈ ಜಾತಿ ಲೋಹದ ಗುಣವೇ ಅದು. ನೀರಿಗೆ ಮಾತ್ರ ಅದ್ದಬೇಡಿ.

ರೋಟವೇಟರ್ ಬ್ಲೇಡಿನ ವಿಷಯದಲ್ಲಿ ಎಚ್ಚರ. ಅದು ಮೊದಲೇ ಹದ ಹಾಕಿದ ಉಕ್ಕು. ಜಾಸ್ತಿ ಕಾಯಿಸಿದರೆ ಹದ ಹೋಗುತ್ತೆ. ಬಾಗಿದ ಜಾಗ, ಬೋಲ್ಟಿನ ತೂತಿನ ಹತ್ತಿರ ಮುಟ್ಟಲೇಬಾರದು. ಅಲ್ಲಿ ಮುರಿದು ಹಾರಿದರೆ ಅಪಾಯ. ತುದಿಗಷ್ಟೇ, ಎಲ್ಲಾ ಬ್ಲೇಡಿಗೂ ಒಂದೇ ತೂಕ ಬರುವಂತೆ. ಕೆಲಸದವರು ಮುಚ್ಚಿದ ಷೆಡ್ಡಿನಲ್ಲಿ ಕೂರಬಾರದು, ಕ್ರೋಮಿಯಂ ಹೊಗೆ ಪುಪ್ಪುಸಕ್ಕೆ ಕೆಟ್ಟದ್ದು.

ಒಂದು ಅಂಗಡಿಯವರು ಸಾಧಾರಣ ಕಡ್ಡಿಯಲ್ಲೇ ಗೀಚಿ ಗಟ್ಟಿ ಕಡ್ಡಿಯ ದುಡ್ಡು ತಗೊಂಡದ್ದನ್ನು ನಾವೇ ಕಂಡಿದ್ದೇವೆ. ಪರೀಕ್ಷೆ ಸುಲಭ. ಅರ ಹಾಕಿ ಉಜ್ಜಿ. ಕಚ್ಚಿದರೆ ಸಾಧಾರಣ, ಜಾರಿದರೆ ಗಟ್ಟಿ.

ಇದೆಲ್ಲಾ ಟ್ರ್ಯಾಕ್ಟರ್ ಇದ್ದೋರಿಗೆ ತಾನೆ ಅಂತ ಹಿಂದೆ ಕೂತವರು ಅಂದುಕೊಳ್ಳಬಹುದು. ನಮ್ಮ ಮಾತು ನಿಮಗೇ. ಎರಡು ಎಕರೆಯವರು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೀರಿ. ಕುಳ ಮೊಂಡಾದರೆ ಉಳುಮೆ ಆಳಕ್ಕೆ ಇಳಿಯಲ್ಲ, ಎರಡನೇ ಸಾರಿ ಹೊಡೆಸಬೇಕು. ಕುಳ ಅವರದು, ಸವೆದದ್ದಕ್ಕೆ ದಂಡ ನಿಮ್ಮದು. ಬಾಡಿಗೆ ಮಾತಾಡುವಾಗ ಬಗ್ಗಿ ಕುಳ ನೋಡಿ, ಅದರಲ್ಲೂ ಟ್ರ್ಯಾಕ್ಟರ್ ಚಕ್ರದ ಹಿಂದೆ ಬರೋ ಹಲ್ಲುಗಳನ್ನು. ಚಕ್ರ ತುಳಿದು ಗಟ್ಟಿಯಾದ ಮಣ್ಣಲ್ಲಿ ಅವೇ ಮೊದಲು ಸವೆಯೋದು.

ಆದ್ದರಿಂದ ಸಂಘದ ಗೋಡೌನಿನಲ್ಲಿ ಒಂದು ವೆಲ್ಡಿಂಗ್ ಯಂತ್ರ, ಒಣಗಿಸಿಟ್ಟ ಕಡ್ಡಿ, ತರಬೇತಿ ಪಡೆದ ನಮ್ಮೂರ ಹುಡುಗನೊಬ್ಬ ಇರಬೇಕೆಂದು ನಾವು ಸರ್ವಸದಸ್ಯರ ಸಭೆಗೆ ಅರ್ಜಿ ಕೊಟ್ಟಿದ್ದೇವೆ. ಊಟಕ್ಕೆ ಹೋಗೋ ದಾರಿಯಲ್ಲಿ ಬೆಸುಗೆ ಹಾಕಿದ್ದೊಂದು, ಹಾಕದ್ದೊಂದು ಕುಳ ಇಟ್ಟಿದ್ದೇವೆ, ಪಕ್ಕದಲ್ಲೇ ಅರ ಇದೆ. ಉಜ್ಜಿ ನೋಡಿ, ಆಮೇಲೆ ಕೈ ಎತ್ತಿ.