ಕ್ರಿ.ಪೂ. 701: ಲಾಕೀಷ್ ತೆತ್ತ ದಂಡ

ಅಸ್ಸೀರಿಯದ ಸನ್ಹೇರೀಬ ಪುಟ್ಟ ಯೆಹೂದ ರಾಜ್ಯದ ಮೇಲೆ ಏರಿಬಂದ ದಂಡಯಾತ್ರೆಯ ಕುರಿತು ಇವತ್ತು ಮಾತಾಡುತ್ತೇನೆ. ಕನ್ನಡ ಬೈಬಲ್ ಓದಿದವರಿಗೆ ಈ ಅಶ್ಶೂರದ ಅರಸನೂ ಯೆಹೂದದ ಹಿಜ್ಕೀಯನೂ ಪರಿಚಿತರೇ. ಇದನ್ನು ಎಲ್ಲರೂ ಜೆರುಸಲೇಮ್ ಉಳಿದುಕೊಂಡ ಕಥೆಯೆಂದೇ ಹೇಳುತ್ತಾರೆ. ಆ ಉಳಿವಿಗೆ ಬೆಲೆ ತೆತ್ತವರು ಯಾರು ಎಂಬುದು ನನ್ನ ಪ್ರಶ್ನೆ.

ಉತ್ತರದ ಇಸ್ರೇಲ್ ರಾಜ್ಯ ಅಷ್ಟರಲ್ಲಾಗಲೇ ಅಸ್ಸೀರಿಯದ ಹೊಟ್ಟೆ ಸೇರಿತ್ತು. ದಕ್ಷಿಣದ ಯೆಹೂದ ಕಪ್ಪ ಕೊಟ್ಟುಕೊಂಡು ಬದುಕಿತ್ತು. ಕ್ರಿ.ಪೂ. 705ರಲ್ಲಿ ಚಕ್ರವರ್ತಿ ಎರಡನೆಯ ಸರ್ಗೋನ್ ರಣರಂಗದಲ್ಲೇ ಸತ್ತ. ಅವನ ಹೆಣವನ್ನೂ ತರಲಾಗಲಿಲ್ಲ. ಸಾಮಂತರಿಗೆ ಇದಕ್ಕಿಂತ ದೊಡ್ಡ ಶಕುನ ಬೇಕೆ? ಹಿಜ್ಕೀಯ ಕಪ್ಪ ನಿಲ್ಲಿಸಿದ. ನೆರೆಯ ಎಕ್ರೋನಿನ ಜನ ಅಸ್ಸೀರಿಯದ ಪಕ್ಷಪಾತಿಯಾದ ತಮ್ಮ ಅರಸ ಪಾದಿಗೆ ಕೋಳ ತೊಡಿಸಿ ತಂದೊಪ್ಪಿಸಿದಾಗ ಅವನನ್ನು ಜೆರುಸಲೇಮಿನಲ್ಲಿ ಸೆರೆ ಇಟ್ಟುಕೊಂಡ. ಈ ಪಾದಿ ಅಸ್ಸೀರಿಯದ ಲಿಪಿಕಾರರ ಕಲ್ಪನೆಯಲ್ಲ. 1996ರಲ್ಲಿ ಎಕ್ರೋನಿನ ಉತ್ಖನನದಲ್ಲಿ ಸಿಕ್ಕ ಗುಡಿಯ ಶಾಸನವೊಂದು ಅವನ ಮಗನದು. ಅದರಲ್ಲಿ ತಂದೆಯ ಹೆಸರೂ ಇದೆ.

ದಂಡು ಬಂದೇ ಬರುತ್ತದೆಂದು ಹಿಜ್ಕೀಯನಿಗೆ ಗೊತ್ತಿತ್ತು. ಜೆರುಸಲೇಮಿನ ಕೆಳಗೆ ಬಂಡೆ ಕೊರೆದು ಊರಾಚೆಯ ಊಟೆಯ ನೀರನ್ನು ಒಳಕ್ಕೆ ತಿರುಗಿಸಿದ 533 ಮೀಟರ್ ಉದ್ದದ ಸುರಂಗವನ್ನು ಅವನ ಕಾಲದ್ದೆಂದೇ ಬಹುಮಂದಿ ಒಪ್ಪುತ್ತಾರೆ. 1880ರಲ್ಲಿ ಅದರೊಳಗೆ ಕಂಡ ಶಾಸನ ಈಗ ಇಸ್ತಾಂಬುಲಿನಲ್ಲಿದೆ. ನನಗೆ ಬಲು ಪ್ರಿಯವಾದ ಶಾಸನ ಅದು. ಎರಡು ಕಡೆಯಿಂದ ಅಗೆಯುತ್ತ ಬಂದ ಕೂಲಿಗಳಿಗೆ ಬಂಡೆಯಾಚೆಯಿಂದ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿದ್ದು, ಹಾರೆಗೆ ಹಾರೆ ಎದುರಾದದ್ದು ಅದರಲ್ಲಿದೆ. ಅರಸನ ಹೆಸರೇ ಇಲ್ಲ.

ಸನ್ಹೇರೀಬ ಮೊದಲು ಬಾಬಿಲೋನಿನ ದಂಗೆಯನ್ನು ಅಡಗಿಸಿ, 701ರಲ್ಲಿ ಪಶ್ಚಿಮಕ್ಕೆ ಬಂದ. ಸೀದೋನಿನ ಅರಸ ಸಮುದ್ರದಾಚೆಗೆ ಓಡಿದ, ನೆರವಿಗೆ ಬಂದ ಈಜಿಪ್ಟಿನ ಪಡೆ ಎಲ್ತೆಕೆಯಲ್ಲಿ ಸೋತಿತು. ಉಳಿದದ್ದು ಯೆಹೂದ. ಮುಂದಿನದನ್ನು ಅವನು ಆರು ಮುಖದ ಮಣ್ಣಿನ ಪಟ್ಟಕಗಳ ಮೇಲೆ ಬೆಣೆಲಿಪಿಯಲ್ಲಿ ಬರೆಸಿದ್ದಾನೆ: ಕೋಟೆಯುಳ್ಳ 46 ಊರು ಹಿಡಿದೆ, 2,00,150 ಜನರನ್ನು ಹೊರಡಿಸಿದೆ, ಹಿಜ್ಕೀಯನನ್ನು ಅವನ ರಾಜಧಾನಿಯಲ್ಲೇ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ. ನಮ್ಮ ಪ್ರಶಸ್ತಿ ಶಾಸನಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ. ಎರಡು ಲಕ್ಷವನ್ನು ನಾನು ನಂಬುವುದಿಲ್ಲ. ಆದರೆ ಕೂಡಿಹಾಕಿದೆ ಎಂದನೇ ಹೊರತು ಊರನ್ನು ಹಿಡಿದೆ ಎನ್ನಲಿಲ್ಲ. ಜಂಬದವನು ಬಾಯಿ ಬಿಡದ ಜಾಗದಲ್ಲೇ ಇತಿಹಾಸಕಾರ ಕಿವಿ ಇಡಬೇಕು.

ತನ್ನ ರಾಜಧಾನಿ ನಿನವೆಯ ಅರಮನೆಯ ಕೋಣೆಯೊಂದರ ಸುತ್ತ ಗೋಡೆಗೆ ಅವನು ಕೆತ್ತಿಸಿದ್ದು ಲಾಕೀಷಿನ ಪತನವನ್ನು. ಅದು ಯೆಹೂದದ ಎರಡನೆಯ ದೊಡ್ಡ ಊರು. ಪುರಾತತ್ವಜ್ಞ ಲೇಯರ್ಡ್ ಹತ್ತೊಂಬತ್ತನೆಯ ಶತಮಾನದಲ್ಲಿ ಅಗೆದು ತೆಗೆದ ಆ ಫಲಕಗಳು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೋಟೆಯ ಬಾಗಿಲಿನತ್ತ ಇಳಿಜಾರು ದಿಬ್ಬ. ಅದರ ಮೇಲೆ ಗಾಲಿಯ ಭಿತ್ತಿಭೇದಕ ಯಂತ್ರಗಳು ಏರುತ್ತಿವೆ. ಮೇಲಿನವರು ಉರಿಯುವ ಪಂಜುಗಳನ್ನು ಎಸೆಯುತ್ತಿದ್ದಾರೆ. ಯಂತ್ರದೊಳಗಿನ ಒಬ್ಬ ಸೈನಿಕ ಉದ್ದ ಹಿಡಿಯ ಸೌಟಿನಿಂದ ಅದರ ಮುಂಭಾಗಕ್ಕೆ ನೀರು ಹುಯ್ಯುತ್ತಿದ್ದಾನೆ. ಮಹಾಸಾಮ್ರಾಜ್ಯದ ಯುದ್ಧತಂತ್ರ ಕೊನೆಗೆ ಆ ಸೌಟಿನ ಮೇಲೆ ನಿಂತಿತ್ತು! ಇತ್ತ ಬಾಗಿಲಿನಿಂದ ಸಂಸಾರಗಳು ಹೊರಟಿವೆ: ಎತ್ತಿನ ಗಾಡಿ, ಗಂಟುಮೂಟೆ, ಮೂಟೆಯ ಮೇಲೆ ಕೂತ ಮಕ್ಕಳು. ಪಕ್ಕದಲ್ಲೇ ಶೂಲಕ್ಕೇರಿಸಿದ ಗಂಡಸರು. ಬಲತುದಿಯಲ್ಲಿ ಸಿಂಹಾಸನದ ಮೇಲೆ ಸನ್ಹೇರೀಬ, ಲಾಕೀಷಿನ ಕೊಳ್ಳೆ ತನ್ನೆದುರು ಹಾದುಹೋಯಿತೆಂಬ ಬರಹದೊಂದಿಗೆ. ಅವನ ಮುಖವನ್ನು ಯಾರೋ ಆಮೇಲೆ ಕೆತ್ತಿ ಹಾಕಿದ್ದಾರೆ.

ಶಿಲ್ಪಿ ಕಂಡದ್ದನ್ನೇ ಕೆತ್ತಿದನೆಂಬುದಕ್ಕೆ ನೆಲದ ಸಾಕ್ಷಿಯಿದೆ. ಲಾಕೀಷಿನ ದಿಬ್ಬದಲ್ಲಿ, 1970ರ ದಶಕದಿಂದ ಡೇವಿಡ್ ಉಸಿಷ್ಕಿನ್ ನಡೆಸಿದ ಉತ್ಖನನದಲ್ಲಿ, ಆ ಕಲ್ಲಿನ ಇಳಿಜಾರು, ನೂರಾರು ಬಾಣದ ಮೊನೆಗಳು, ಕವಣೆಕಲ್ಲುಗಳು ಸಿಕ್ಕಿವೆ. ಗೋಡೆಯ ಒಳಮಗ್ಗುಲಲ್ಲಿ ಊರಿನವರೂ ಅವಸರದಲ್ಲಿ ಇನ್ನೊಂದು ದಿಬ್ಬ ಪೇರಿಸಿದ್ದರು. ಅದರಿಂದ ಊರು ಉಳಿಯಲಿಲ್ಲ.

ವಿಚಿತ್ರವೆಂದರೆ ಗೋಡೆಯ ತುಂಬ ಇರುವ ಲಾಕೀಷಿನ ಹೆಸರನ್ನು ಪಟ್ಟಕ ಎತ್ತುವುದೇ ಇಲ್ಲ. ಬೈಬಲ್ ಎತ್ತುತ್ತದೆ: ಹಿಜ್ಕೀಯ ತಪ್ಪೊಪ್ಪಿಗೆಯ ದೂತರನ್ನು ಕಳುಹಿಸಿದ್ದು ಲಾಕೀಷಿನಲ್ಲಿದ್ದ ಸನ್ಹೇರೀಬನಿಗೆ, ದಂಡ ಕಟ್ಟಲು ದೇವಾಲಯದ ಬಾಗಿಲಿನ ಚಿನ್ನವನ್ನೂ ಕಿತ್ತ. ಆ ದಂಡದ ಲೆಕ್ಕ ನೋಡಿ. ಬೆಳ್ಳಿ ಬೈಬಲ್ಲಿನಲ್ಲಿ 300 ತಲಾಂತು, ಪಟ್ಟಕದಲ್ಲಿ 800. ಚಿನ್ನ ಮಾತ್ರ ಎರಡರಲ್ಲೂ 30. ಪರಸ್ಪರ ದ್ವೇಷಿಸಿದ ಎರಡು ಕಡತಗಳಲ್ಲಿ ಒಂದೇ ಅಂಕಿ!

ಹಾಗಾದರೆ ಜೆರುಸಲೇಮಿನ ಮುತ್ತಿಗೆ ತೆಗೆದದ್ದೇಕೆ? ದೇವದೂತನೊಬ್ಬ ಒಂದೇ ರಾತ್ರಿ 1,85,000 ಮಂದಿಯನ್ನು ಕೊಂದನೆನ್ನುತ್ತದೆ ಬೈಬಲ್. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಸನ್ಹೇರೀಬನ ದಂಡನ್ನು ಈಜಿಪ್ಟಿನ ಗಡಿಯಲ್ಲಿ ನಿಲ್ಲಿಸಿ, ಇಲಿಗಳು ಬತ್ತಳಿಕೆ, ಬಿಲ್ಲುಗಳನ್ನೆಲ್ಲ ಕಡಿದು ಹಾಕಿದವೆನ್ನುತ್ತಾನೆ. ಇವೆರಡನ್ನೂ ಕೂಡಿಸಿ ಪಿಡುಗು ಬಂದಿತ್ತೆಂದು ಊಹಿಸುವ ವಿದ್ವಾಂಸರೂ ಇದ್ದಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಸನ್ಹೇರೀಬ ಪಾದಿಯನ್ನು ಬಿಡಿಸಿಕೊಂಡು ಮತ್ತೆ ಪಟ್ಟಕ್ಕೇರಿಸಿದ, ಹಿಡಿದ ಊರುಗಳನ್ನು ಅಷ್ದೋದ್, ಎಕ್ರೋನ್, ಗಾಜಾದ ಅರಸರಿಗೆ ಹಂಚಿದ, ಕಪ್ಪ ಹೆಚ್ಚಿಸಿದ. ಬೆಟ್ಟದ ಮೇಲಿನ ಊರನ್ನು ಒಡೆದು ಇದಕ್ಕಿಂತ ಹೆಚ್ಚು ಗಳಿಸುವುದೇನಿತ್ತು? ಪಶ್ಚಿಮದ ತಪ್ಪಲಿನ ಒಳ್ಳೆಯ ಹೊಲಗಳು, ಅಲ್ಲಿನ ಜನ, ಲಾಕೀಷ್, ಇವೆಲ್ಲ ಕೈಬಿಟ್ಟ ಮೇಲೆ ಯೆಹೂದವೆಂದರೆ ಬಹುಪಾಲು ಜೆರುಸಲೇಮ್ ಮತ್ತು ಅದರ ಸುತ್ತಣ ಗುಡ್ಡಗಳು. ಹಿಜ್ಕೀಯನ ಪಟ್ಟ ಉಳಿಯಿತು. ಅವನನ್ನು ನಂಬಿ ಗೋಡೆಯ ಮೇಲೆ ನಿಂತವರು ಗಾಡಿ ಹತ್ತಿದರು.

ಕ್ರಿ.ಪೂ. 681ರಲ್ಲಿ ಸನ್ಹೇರೀಬನನ್ನು ಹೆತ್ತ ಮಗನೇ ಕೊಲ್ಲಿಸಿದ. ಇನ್ನೊಬ್ಬ ಮಗ ಏಸರ್‌ಹದ್ದೋನ್ ಪಟ್ಟಕ್ಕೆ ಬಂದು, ನಿನವೆಯ ತನ್ನ ಕಟ್ಟಡಕ್ಕೆ ಮರ, ಕಲ್ಲು ಸಾಗಿಸಿದ ಸಾಮಂತರ ಪಟ್ಟಿ ಬರೆಸಿದ. ಅದರಲ್ಲಿ ಯೆಹೂದದ ಅರಸ ಮನಸ್ಸೆಯ ಹೆಸರಿದೆ. ಅವನು ಹಿಜ್ಕೀಯನ ಮಗ.