ಆರ್‌ಸಿಯಲ್ಲಿ ಫಿಟ್‌ನೆಸ್ ಇದೆ, ಕಾರಿನಲ್ಲಿ ಇದೆಯಾ?

ಇವತ್ತಿನ ವಿಷಯ ಹಳೇ ಕಾರು. ಹತ್ತು-ಹದಿನಾಲ್ಕು ವರ್ಷ ಓಡಿರೋ ಸೆಕೆಂಡ್ ಹ್ಯಾಂಡ್ ಕಾರು. ಕೆಲಸ ಸಿಕ್ಕಿ ಒಂದೆರಡು ವರ್ಷ ಆದ್ಮೇಲೆ, "ಅಪ್ಪ ಅಮ್ಮನ್ನ ಊರಿಗೆ ಕರ್ಕೊಂಡು ಹೋಗೋಕೆ ಒಂದು ಗಾಡಿ ಇರ್ಲಿ" ಅಂತ ನಮ್ಮಲ್ಲಿ ತುಂಬಾ ಜನ ಹುಡುಕೋ ಕಾರು.

ನಾನಿರೋದು ಹೊಸಹಳ್ಳಿಯಲ್ಲಿ, ಮಾಗಡಿ ರಸ್ತೆ ಟೋಲ್‌ಗೇಟ್ ಹತ್ತಿರ. ಗಾಡಿ ನೋಡೋಕೆ ಹೋಗುವಾಗ ಗೆಳೆಯರು ನನ್ನನ್ನೂ ಕರೀತಾರೆ. ರಾಜಾಜಿನಗರದ ಕೆಎ-02 ಆಗ್ಲಿ, ಜ್ಞಾನಭಾರತಿಯ ಕೆಎ-41 ಆಗ್ಲಿ, ಮಾರೋರ ಮೊದಲ ಮಾತು ಮಾತ್ರ ಒಂದೇ: "ಎಫ್‌ಸಿ 2027ರವರೆಗೂ ಇದೆ ಸರ್, ಆರ್‌ಸಿ ನೋಡ್ಕೊಳ್ಳಿ." ನಾವು ಫೋನ್ ತೆಗೆದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕ್ತೀವಿ. ಅಲ್ಲೂ ಅದೇ ದಿನಾಂಕ. ಸರ್ಕಾರವೇ ಫಿಟ್ ಅಂದಿದೆ, ಇನ್ನೇನು ಬೇಕು ಅನ್ಸುತ್ತೆ.

ಆದರೆ ಆ ದಿನಾಂಕದ ಅರ್ಥ ಬೇರೆಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ. 2012ರಲ್ಲಿ ಶೋರೂಂನಿಂದ ಹೊರಗೆ ಬಂದ ಕಾರಿಗೆ ಅವತ್ತೇ 2027 ಅಂತ ಬರೆದುಬಿಡ್ತಾರೆ. ನಡುವೆ ಆ ಕಾರಿನ ಬ್ರೇಕ್ ಹಿಡಿಯುತ್ತಾ, ತಳ ತುಕ್ಕು ಹಿಡಿದಿದೆಯಾ ಅಂತ ಆರ್‌ಟಿಒ ಇನ್‌ಸ್ಪೆಕ್ಟರ್ ನೋಡ್ಲೇಬೇಕು ಅಂತೇನಿಲ್ಲ. ಹಳದಿ ಬೋರ್ಡ್ ಟ್ಯಾಕ್ಸಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗ್ಬೇಕು. ಬಿಳಿ ಬೋರ್ಡಿಗೆ ಅದಿಲ್ಲ. ಎಮಿಷನ್ ಟೆಸ್ಟ್ ಇದೆಯಲ್ಲ ಅಂದ್ರೆ, ಅದು ಅಳೆಯೋದು ಹೊಗೆಯನ್ನ ಮಾತ್ರ. ಬ್ರೇಕ್, ಸ್ಟೀರಿಂಗ್, ಟೈರ್ ಅದರ ಲೆಕ್ಕಕ್ಕೇ ಬರಲ್ಲ.

ಬ್ರಿಟನ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಎಂಒಟಿ ಅನ್ನೋ ತಪಾಸಣೆ ಕಡ್ಡಾಯ. ಯಾವ ವರ್ಷ ಪಾಸಾಯ್ತು, ಯಾವುದರಲ್ಲಿ ಫೇಲಾಯ್ತು, ಅವತ್ತು ಮೀಟರ್ ಎಷ್ಟಿತ್ತು ಅಂತ ನಂಬರ್ ಹಾಕಿ ಯಾರು ಬೇಕಾದ್ರೂ ಸರ್ಕಾರಿ ವೆಬ್‌ಸೈಟ್‌ನಲ್ಲಿ ಪುಕ್ಕಟೆಯಾಗಿ ನೋಡಬಹುದು. ಜಪಾನ್‌ನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ತಪಾಸಣೆ. ನಮ್ಮಲ್ಲಿ ಅಂಥ ದಾಖಲೆ ಇಲ್ಲ. ಹಾಗಾಗಿ ಕಾರಿನ ಚರಿತ್ರೆಯನ್ನ ನಾವೇ ಚೂರು ಚೂರಾಗಿ ಜೋಡಿಸ್ಕೋಬೇಕು.

ಮೊದಲ ಚೂರು ಇನ್ಶೂರೆನ್ಸ್ ಪಾಲಿಸಿ. ಇದ್ಯಾ ಇಲ್ವಾ ಅಂತ ಮಾತ್ರ ನೋಡ್ಬೇಡಿ, ಅದರಲ್ಲಿ ಎನ್‌ಸಿಬಿ, ಅಂದ್ರೆ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಮಾಡದೆ ವರ್ಷ ಕಳೆದ ಹಾಗೆ ಅದು 20, 25, 35, 45, 50 ಪರ್ಸೆಂಟ್ ಅಂತ ಏರುತ್ತೆ. ಕ್ಲೇಮ್ ಮಾಡಿದ್ರೆ ಸಾಮಾನ್ಯವಾಗಿ ಸೊನ್ನೆಗೆ ಬರುತ್ತೆ. "ಒಂದು ಗೀರೂ ಬಿದ್ದಿಲ್ಲ" ಅನ್ನೋ ಕಾರಿಗೆ ಎನ್‌ಸಿಬಿ ಸೊನ್ನೆ ಇದ್ರೆ, ಯಾಕೆ ಅಂತ ಕೇಳಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ರೆ ಎನ್‌ಸಿಬಿ ಇರಲ್ಲ, ಆಗ ಹಿಂದಿನ ವರ್ಷಗಳ ಪಾಲಿಸಿ ಕೇಳಿ.

ಎರಡನೇದು ಸರ್ವೀಸ್ ಬಿಲ್ಲುಗಳು. ಪ್ರತಿ ಬಿಲ್ಲಿನಲ್ಲೂ ದಿನಾಂಕ, ಕಿಲೋಮೀಟರ್ ಎರಡೂ ಇರುತ್ತೆ. ಗೆಳೆಯನೊಬ್ಬ ನೋಡಿದ 2012ರ ಕಾರಿನ ಮೀಟರ್ 48 ಸಾವಿರ ತೋರಿಸ್ತಿತ್ತು. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಮಡಚಿಟ್ಟಿದ್ದ 2019ರ ಬಿಲ್ಲಿನಲ್ಲಿ 71 ಸಾವಿರ ಅಂತಿತ್ತು. ಮಾರೋರು "ಮೀಟರ್ ಬದಲಾಯಿಸಿದ್ವಿ" ಅಂದ್ರು, ನಾವು ನಮಸ್ಕಾರ ಹೇಳಿ ಬಂದ್ವಿ. ಬಿಲ್ ಇಲ್ಲ ಅಂದ್ರೆ, ಕಂಪನಿ ಸರ್ವೀಸ್ ಸೆಂಟರ್‌ನಿಂದ ಹಿಸ್ಟರಿ ತೆಗೆಸಿಕೊಡಿ ಅಂತ ಮಾಲೀಕರನ್ನೇ ಕೇಳಿ. ಸುರಕ್ಷತೆಯ ದೋಷಕ್ಕೆ ಕಂಪನಿ ಆ ಮಾಡೆಲ್‌ನ ರೀಕಾಲ್ ಮಾಡಿತ್ತಾ, ಈ ಕಾರಿಗೆ ಆ ಕೆಲಸ ಆಗಿದೆಯಾ ಅಂತಲೂ ಅಲ್ಲೇ ವಿಚಾರಿಸಿ. ಜಗತ್ತಿನಾದ್ಯಂತ ಸುದ್ದಿಯಾದ ಟಕಾಟಾ ಏರ್‌ಬ್ಯಾಗ್ ದೋಷ ನಮ್ಮ ದೇಶದ ಕಾರುಗಳಲ್ಲೂ ಇತ್ತು.

ಮೂರನೇದು ಆ್ಯಪ್‌ನಲ್ಲಿ ನಿಜವಾಗಿ ನೋಡಬೇಕಾದ ಸಾಲುಗಳು. ಇವರು ಎಷ್ಟನೇ ಮಾಲೀಕರು, ಲೋನ್ ಇನ್ನೂ ನಮೂದಾಗಿದೆಯಾ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಎಮಿಷನ್ ಸರ್ಟಿಫಿಕೇಟ್ ಇದೆಯಾ. ಲೋನ್ ತೀರಿದೆ ಅಂದ್ರೆ ಸಾಲದು, ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರಬೇಕು. ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆ ಅಂತಲೂ ನೋಡಿ, ಸಿಗ್ನಲ್ ಹಾರಿದ್ದು ಯಾರೇ ಆಗಿದ್ರೂ ಆ ದಂಡ ಗಾಡಿ ನಂಬರ್ ಮೇಲೇ ಇರುತ್ತೆ.

ಇಷ್ಟು ಕಾಗದದ ಮಾತಾಯ್ತು. ಇನ್ನು ಗಾಡಿ ಹತ್ತಿರ ಹೋಗೋಣ. ಹಗಲು ಹೊತ್ತಲ್ಲೇ ಹೋಗಿ, ಮಳೆಯಲ್ಲಿ ನೆನೆದ ಕಾರು ಎಲ್ಲಾ ಹೊಳೀತಾ ಇರುತ್ತೆ. ಬಾನೆಟ್ ಮೇಲೆ ಕೈಯಿಡಿ. ನೀವು ಬರೋ ಮುಂಚೆನೇ ಬಿಸಿಯಾಗಿದ್ರೆ ಅನುಮಾನ ಇರಲಿ, ಯಾಕಂದ್ರೆ ಎಂಜಿನ್‌ನ ಕಾಯಿಲೆಗಳು ಕಾಣೋದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ. ನೀಲಿ ಹೊಗೆ ಬಂದ್ರೆ ಆಯಿಲ್ ಉರೀತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಕೂಲಂಟ್ ಒಳಗೆ ಹೋಗ್ತಿರಬಹುದು.

ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್, ಎಬಿಎಸ್ ದೀಪ ಹೊತ್ತಿ ಸ್ವಲ್ಪ ಹೊತ್ತಿಗೆ ಆರಬೇಕು. ಹೊತ್ತೋದೇ ಇಲ್ಲ ಅಂದ್ರೆ ಯಾರೋ ಬಲ್ಬ್ ಕಿತ್ತಿರಬಹುದು. ಇನ್ನೊಂದು ವಿಷಯ, ಆ ವಯಸ್ಸಿನ ಕಾರುಗಳ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಎರಡೂ ಇಲ್ಲದಿರೋದು ಸಾಮಾನ್ಯ. ಎಲ್ಲ ಹೊಸ ಕಾರಿಗೂ ಅವು ಕಡ್ಡಾಯ ಆಗಿದ್ದು 2019ರಿಂದ, ಅದೂ ಏರ್‌ಬ್ಯಾಗ್ ಡ್ರೈವರ್‌ಗೆ ಮಾತ್ರ. ಅಮ್ಮನ್ನ ಕೂರಿಸ್ಕೊಂಡು ಘಾಟಿ ಇಳಿಯೋ ಕಾರು ಅಂತಾದ್ರೆ ಅಲಾಯ್ ವ್ಹೀಲ್‌ಗಿಂತ ಮುಂಚೆ ಇದನ್ನ ನೋಡಿ.

ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ. 3818 ಅಂದ್ರೆ 2018ರ 38ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳ ಇದ್ರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಸ್ಟೆಪ್ನಿಯನ್ನೂ ತೆಗೆಸಿ ನೋಡಿ. ಅದರ ಕೆಳಗಿನ ತಗಡು ಸುಕ್ಕಾಗಿದ್ರೆ ಹಿಂದಿನಿಂದ ಯಾವುದೋ ಗಾಡಿ ಗುದ್ದಿದೆ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದ್ರೆ ಫ್ಯಾಕ್ಟರಿ ವೆಲ್ಡಿಂಗ್ ಚುಕ್ಕಿಗಳು ಸಮವಾಗಿ ಕಾಣಬೇಕು.

ಸೀಟ್ ಬೆಲ್ಟನ್ನ ಕೊನೆವರೆಗೂ ಎಳೆದು ನೋಡಿ. ಕೆಸರಿನ ಗೆರೆ ಕಂಡ್ರೆ, ಸೀಟಿನ ಬೋಲ್ಟ್ ತುಕ್ಕಾಗಿದ್ರೆ, ಅದು ನೀರಲ್ಲಿ ನಿಂತ ಕಾರು. 2015ರಲ್ಲಿ ಚೆನ್ನೈ ಮುಳುಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಊರಿನ ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳು ಮುಳುಗಿದ್ವು. ಅಂಥ ಕಾರುಗಳು ತೊಳೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರ್ತವೆ.

ಟೆಸ್ಟ್ ಡ್ರೈವ್ ಅಂತ ಬರೀ ಒಂದು ಕ್ರಾಸ್ ಸುತ್ತಿ ಬರಬೇಡಿ. ಕಾರ್ಡ್ ರೋಡ್ ಹತ್ತಿ, ಸುಮನಹಳ್ಳಿ ಫ್ಲೈಓವರ್ ಕಡೆ ಹೋಗಿ ಬನ್ನಿ, ಎಲ್ಲ ಗೇರೂ ಬೀಳಲಿ. ಹಿಂದೆ ಗಾಡಿ ಇಲ್ಲದ ಕಡೆ 40ರ ವೇಗದಲ್ಲಿ ಸ್ಟೀರಿಂಗ್ ಹಗುರವಾಗಿ ಹಿಡಿದು ಬ್ರೇಕ್ ಒತ್ತಿ. ಒಂದು ಕಡೆಗೆ ಎಳೆದ್ರೆ ಕೆಲಸ ಇದೆ ಅಂತ ಅರ್ಥ. ಯಾವುದಾದ್ರೂ ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ನಿಲ್ಲುತ್ತಾ ನೋಡಿ. ಕೊನೆಗೆ ನಿಮ್ಮದೇ ಮೆಕ್ಯಾನಿಕ್ ಹತ್ತಿರ ಕಾರನ್ನ ಲಿಫ್ಟ್ ಮೇಲೆ ಹಾಕಿಸಿ. ಬ್ರೋಕರ್ ಕರ್ಕೊಂಡು ಬರೋ ಮೆಕ್ಯಾನಿಕ್ ಬೇಡ. ನಮ್ಮ ಕಾಮಾಕ್ಷಿಪಾಳ್ಯ ಕಡೆ ಗ್ಯಾರೇಜಿಗೆ ಬರವಿಲ್ಲ. ತಳದ ತುಕ್ಕು, ಹೊಸದಾಗಿ ಮಾಡಿದ ವೆಲ್ಡಿಂಗ್, ಆಯಿಲ್ ಸೋರಿಕೆ ಕಾಣೋದು ಅಲ್ಲೇ. ಮಾಲೀಕರು ಲಿಫ್ಟಿಗೆ ಒಪ್ಪಲ್ಲ ಅಂದ್ರೆ, ಅದೂ ಒಂದು ಉತ್ತರನೇ.

ಈಗ ಬೆಲೆಯ ಲೆಕ್ಕ. 15 ವರ್ಷ ತುಂಬಿದಾಗ ಫಾರಂ 25 ಕೊಟ್ಟು ನೋಂದಣಿ ನವೀಕರಿಸಬೇಕು. ಕಾರನ್ನ ಆರ್‌ಟಿಒ ತಪಾಸಣೆಗೆ ತಗೊಂಡು ಹೋಗ್ಬೇಕು, ಪಾಸಾದ್ರೆ ಇನ್ನೈದು ವರ್ಷ. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ, ಜೊತೆಗೆ ಹಸಿರು ತೆರಿಗೆ. ಅಂದ್ರೆ ತುಂಬಾ ಕಾರುಗಳಿಗೆ ಇದೇ ಜೀವನದ ಮೊದಲ ಸರ್ಕಾರಿ ತಪಾಸಣೆ. ಹದಿನಾಲ್ಕೂವರೆ ವರ್ಷದ ಕಾರನ್ನ ಅಗ್ಗಕ್ಕೆ ಕೊಡ್ತಿದ್ದಾರೆ ಅಂದ್ರೆ, ಆ ಪರೀಕ್ಷೆಯನ್ನ ನಿಮ್ಮ ತಲೆ ಮೇಲೆ ಹಾಕ್ತಿದ್ದಾರೆ ಅಂತ. ಅವಧಿ ಮುಗಿಯೋ 60 ದಿನ ಮುಂಚಿನಿಂದಲೇ ಅರ್ಜಿ ಹಾಕಬಹುದು. "ನವೀಕರಣ ಮಾಡಿಸಿಕೊಡಿ, ಆಮೇಲೆ ಪೂರ್ತಿ ದುಡ್ಡು ಕೊಡ್ತೀನಿ" ಅನ್ನಿ. ಒಳ್ಳೇ ಕಾರಾಗಿದ್ರೆ ಒಪ್ಕೋತಾರೆ. ನನ್ನನ್ನ ಕೇಳಿದ್ರೆ, ತಪಾಸಣೆ ಪಾಸಾದ 16 ವರ್ಷದ ಕಾರು, ಯಾರೂ ನೋಡದ 14 ವರ್ಷದ ಕಾರಿಗಿಂತ ಎಷ್ಟೋ ವಾಸಿ.

ಕೊಂಡ ಮೇಲೆ ಹೆಸರು ವರ್ಗಾವಣೆಯನ್ನ ನಾಳೆಗೆ ಇಡಬೇಡಿ. ಒಂದೇ ರಾಜ್ಯದೊಳಗಿನ ಮಾರಾಟ ಅಂದ್ರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 29 ಮತ್ತು 30. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೂ 14 ದಿನ. ಅಪಘಾತ ಆದ್ರೆ ಪರಿಹಾರದ ಹೊಣೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ನೀವು ನಿಮ್ಮ ಹಳೇ ಗಾಡಿ ಮಾರ್ತಿದ್ರೂ ಈ ಮಾತು ನೆನಪಿರಲಿ.

ಈ ವಾರಾಂತ್ಯ ಕಾರು ನೋಡೋಕೆ ಹೊರಟಿದ್ರೆ, ಫೋನ್‌ನಲ್ಲೇ ಮೂರು ಪ್ರಶ್ನೆ ಕೇಳಿ: ಎನ್‌ಸಿಬಿ ಎಷ್ಟಿದೆ, ಹಳೇ ಸರ್ವೀಸ್ ಬಿಲ್ ಇದೆಯಾ, ನಮ್ಮ ಮೆಕ್ಯಾನಿಕ್ ಹತ್ತಿರ ಲಿಫ್ಟಿಗೆ ಹಾಕಬಹುದಾ. ಮೂರಕ್ಕೂ ನೇರವಾದ ಉತ್ತರ ಬಂದ್ರೆ ಹೊರಡಿ. ಬರದಿದ್ರೆ ಭಾನುವಾರ ಉಳೀತು ಅಂದ್ಕೊಳ್ಳಿ. ಟೋಕನ್ ಅಡ್ವಾನ್ಸ್ ಮಾತ್ರ ಗಾಡಿ ಲಿಫ್ಟಿಂದ ಇಳಿದ ಮೇಲೆ.

ಕಾರು ಹುಡುಕ್ತಿರೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ.